ಬಣ್ಣ ನೋಡಿ ಕೊಳ್ಳಬೇಡಿ, ಕೂತು ನೋಡಿ ಕೊಳ್ಳಿ



ನಿಮ್ಮ ಪತ್ರ ಓದುವುದು, ನೀವು ಕೇಳಿದ ಹಾಡು ಹಾಕುವುದು ನನ್ನ ಕೆಲಸ. ಹುಟ್ಟುಹಬ್ಬದ ಶುಭಾಶಯ, ಹಳೇ ಚಿತ್ರಗೀತೆಯ ಕೋರಿಕೆ, ಊರಿನ ಮಳೆ-ಬೆಳೆ ಸುದ್ದಿ, ಸಾಮಾನ್ಯವಾಗಿ ಬರುವುದು ಇಷ್ಟೇ. ಆದರೆ ಈಚೆಗೆ ಡೊಂಬಿವಿಲಿಯಿಂದ ಬಂದ ಒಂದು ಪತ್ರದಲ್ಲಿ ಯಾವ ಹಾಡಿನ ಕೋರಿಕೆಯೂ ಇರಲಿಲ್ಲ.

"ಮೇಡಂ, ನನಗೆ ಪೊವಾಯಿಯಲ್ಲಿ ಕೆಲಸ. ಹೋಗಿ ಬರಲು ದಿನಕ್ಕೆ ಸುಮಾರು 70 ಕಿ.ಮೀ. ಲೋಕಲ್‌ನಲ್ಲಿ ನಿಂತು ಹೋಗುವುದು ಇನ್ನು ಸಾಧ್ಯವಿಲ್ಲ, ಡಾಕ್ಟರು ಬೆನ್ನುಮೂಳೆಯ ಎಕ್ಸ್‌ರೇ ತೋರಿಸಿ ಎಚ್ಚರಿಸಿದ್ದಾರೆ. ಕೈಯಲ್ಲಿ 4 ಲಕ್ಷ ಇದೆ. ಅದರಾಚೆ ಒಂದು ಪೈಸೆಯೂ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಕೆಂದಿದ್ದೇನೆ. ನೀವು ಒಮ್ಮೆ ರೇಡಿಯೋದಲ್ಲಿ ನಿಮ್ಮ ಕೆಂಪು ಕಾರಿನ ಕಥೆ ಹೇಳಿ ನಗಿಸಿದ್ದಿರಿ. ಯಾವುದು ಕೊಳ್ಳಲಿ, ಹೇಳಿ."

ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಲ್ಲಿ ಈ ಪತ್ರಿಕೆ ಓದುವ ಬಂಧುಗಳಿಗೂ ಇದು ಉಪಯೋಗಕ್ಕೆ ಬಂದೀತು. ರಸ್ತೆಯ ಹೆಸರು ಬೇರೆ ಇರಬಹುದು, ಜಾಮ್ ಎಲ್ಲ ಕಡೆಯೂ ಒಂದೇ!

ಮೊದಲು ನನ್ನ ತಪ್ಪಿನ ಕಥೆ

ನನಗೆ ಬೆಳಗಿನ ಪಾಳಿ ಬಿದ್ದಾಗ ನಸುಕಿನ ನಾಲ್ಕೂವರೆಗೆ ಮನೆ ಬಿಡಬೇಕಿತ್ತು. ಆ ಹೊತ್ತಿಗೆ ಟ್ಯಾಕ್ಸಿಯವರನ್ನು ನೆಚ್ಚಿಕೊಳ್ಳಲಾಗದೆ ಒಂದು ಹಳೇ ಕಾರು ಕೊಂಡೆ. ಕೆಂಪು ಬಣ್ಣ, ಪಾಲಿಶ್ ಹಾಕಿ ಫಳಫಳ ಹೊಳೆಯುತ್ತಿತ್ತು. ಬೆಲೆ 1 ಲಕ್ಷ 60 ಸಾವಿರ. ಕಾರು ಮೇಳದಂತಿದ್ದ ಒಂದು ಮೈದಾನದಲ್ಲಿ ಎರಡು ಸುತ್ತು ಓಡಿಸಿ ಹಣ ಕೊಟ್ಟು ಬಂದೆ.

ಹೋಗುವಾಗ ರಸ್ತೆ ಖಾಲಿ, ತೊಂದರೆಯಿಲ್ಲ. ಹನ್ನೊಂದಕ್ಕೆ ವಾಪಸು ಬರುವಾಗ ಗೊತ್ತಾಯಿತು ನನ್ನ ಪಾಡು. ಕ್ಲಚ್ ಕಲ್ಲಿನ ಹಾಗೆ ಗಟ್ಟಿ. ಸೀಟು ಎಷ್ಟು ತಗ್ಗಿತ್ತೆಂದರೆ ಬಾನೆಟ್ ಕಾಣಲು ದಿಂಬು ಇಟ್ಟುಕೊಳ್ಳಬೇಕಿತ್ತು. ಸಿಗ್ನಲ್‌ನಲ್ಲಿ ನಿಂತರೆ ಏಸಿ ಬಿಸಿಗಾಳಿ ಊದುತ್ತಿತ್ತು. ಮೂರು ತಿಂಗಳಲ್ಲಿ ಎಡ ಮೊಣಕಾಲು ಊದಿಕೊಂಡಿತು. ರಿಪೇರಿಗೆ 38 ಸಾವಿರ ಸುರಿದೆ. ಹದಿನಾಲ್ಕು ತಿಂಗಳಿಗೆ 90 ಸಾವಿರಕ್ಕೆ ಮಾರಿದೆ. ಲೆಕ್ಕ ಹಾಕಿದರೆ ನಷ್ಟ 1 ಲಕ್ಷ 8 ಸಾವಿರ. ಮೊಣಕಾಲಿನ ಡಾಕ್ಟರ ಫೀಸು ಇದರಲ್ಲಿ ಸೇರಿಲ್ಲ.

ಘಾಟ್ಕೋಪರ್‌ನಲ್ಲಿ ಗ್ಯಾರೇಜ್ ಇಟ್ಟಿರುವ, ಕಾರ್ಕಳದ ಕಡೆಯ ಮೆಕ್ಯಾನಿಕ್ ಒಬ್ಬರು ಆಗ ನನಗೊಂದು ಮಾತು ಹೇಳಿದರು. "ಕಾರು ತಗೊಳ್ಳುದು ದೊಡ್ಡ ಸಂಗತಿ ಅಲ್ಲ ಮೇಡಂ. ದಿನಾ ಮೂರು ಗಂಟೆ ಅದ್ರಲ್ಲಿ ಕೂತ್ಕೊಳ್ಳುದು ಉಂಟಲ್ಲ, ಅದು ದೊಡ್ಡದು ಮಾರಾಯ್ರೇ!"

ಇವತ್ತಿನ ಬರಹವೆಲ್ಲ ಈ ಒಂದು ಮಾತಿನ ವಿವರಣೆ ಅಂದುಕೊಳ್ಳಿ.

ಕಾರು ಹುಡುಕುವ ಮೊದಲು ದಾರಿ ಬರೆದುಕೊಳ್ಳಿ

ಕಾರುಗಳ ಜಾಹೀರಾತು ನೋಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ದಿನಕ್ಕೆ ಎಷ್ಟು ಕಿ.ಮೀ., ಎಷ್ಟು ಗಂಟೆ, ಅದರಲ್ಲಿ ಎಷ್ಟು ಹೊತ್ತು ಮೊದಲನೇ-ಎರಡನೇ ಗೇರಿನಲ್ಲಿ ತೆವಳುವುದು, ತಿಂಗಳಿಗೆ ಎಷ್ಟು ದಿನ, ಇಷ್ಟನ್ನು ಬರೆಯಿರಿ.

ನಮ್ಮ ಡೊಂಬಿವಿಲಿ ಕೇಳುಗರ ದಾರಿಯನ್ನೇ ನೋಡಿ. ಶಿಳ್‌ಫಾಟಾ, ಐರೋಲಿ, ಅಲ್ಲಿಂದ ಖಾಡಿ ದಾಟಿ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡ್ ಹಿಡಿದು ಪೊವಾಯಿ. ಐರೋಲಿಯೂ ಸೇರಿದಂತೆ ಮುಂಬಯಿ ಪ್ರವೇಶದ ಐದು ನಾಕಾಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಕಾರುಗಳಿಗೆ ಟೋಲ್ ತೆಗೆದರು, ಅಷ್ಟು ಖರ್ಚು ಉಳಿಯಿತು. ಆದರೆ ಜಾಮ್ ಉಳಿಯಲಿಲ್ಲ. ತಿಂಗಳಿಗೆ 25 ದಿನ ಅಂದರೆ 1,750 ಕಿ.ಮೀ. ವರ್ಷಕ್ಕೆ 21 ಸಾವಿರ ಕಿ.ಮೀ. ವಾರಕ್ಕೊಮ್ಮೆ ದೇವಸ್ಥಾನಕ್ಕೋ ಮಾಲ್‌ಗೋ ಹೋಗಿ ಬರುವವರ ಕಾರು ಬೇರೆ, ಇವರ ಕಾರು ಬೇರೆ.

ಇಷ್ಟು ಓಡುವವರು ಕೊಳ್ಳುವ ಬೆಲೆಯೊಂದನ್ನೇ ನೋಡಿದರೆ ಮೋಸ ಹೋಗುತ್ತಾರೆ. ಬೆಲೆ ಒಂದು ಸಲ ಕೊಡುವುದು. ಇಂಧನ ದಿನಾ ಕೊಡುವುದು. ನೋವು ದಿನಾ ತಿನ್ನುವುದು.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ

ಒಂದು ಲೆಕ್ಕ ಮಾಡೋಣ. ಪೆಟ್ರೋಲ್ ಲೀಟರಿಗೆ 105 ರೂಪಾಯಿ, ಸಿಎನ್‌ಜಿ ಕಿಲೋಗೆ 80 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಊರಿನ ದರ ಹಾಕಿ ನೀವೇ ತಿದ್ದಿಕೊಳ್ಳಿ. ಕಂಪನಿಯವರು ಹೇಳುವ ಮೈಲೇಜ್ ಬಿಡಿ, ಜಾಮ್‌ನಲ್ಲಿ ಏಸಿ ಹಾಕಿಕೊಂಡು ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 14 ಕಿ.ಮೀ., ಸಿಎನ್‌ಜಿ ಕಾರು ಕಿಲೋಗೆ 20 ಕಿ.ಮೀ. ಓಡಿತು ಎನ್ನಿ.

ಪೆಟ್ರೋಲಿಗೆ ಕಿ.ಮೀ.ಗೆ ಏಳೂವರೆ ರೂಪಾಯಿ. ಸಿಎನ್‌ಜಿಗೆ ನಾಲ್ಕು ರೂಪಾಯಿ. ವ್ಯತ್ಯಾಸ ಮೂರೂವರೆ. ತಿಂಗಳ 1,750 ಕಿ.ಮೀ.ಗೆ ಪೆಟ್ರೋಲ್ 13,125 ರೂಪಾಯಿ, ಸಿಎನ್‌ಜಿ 7,000 ರೂಪಾಯಿ. ತಿಂಗಳಿಗೆ 6,125 ಉಳಿತಾಯ. ಸಣ್ಣ ಮೊತ್ತವೇನಲ್ಲ.

ಸಿಎನ್‌ಜಿ ಕೊಳ್ಳುವುದಾದರೆ ಕಂಪನಿಯೇ ಕೂರಿಸಿದ ಕಿಟ್ ಇರುವ ಕಾರು ನೋಡಿ. ಹೊರಗಡೆ ಹಾಕಿಸಿದ್ದರೆ ಆರ್‌ಸಿಯಲ್ಲಿ ಮತ್ತು ವಿಮೆಯಲ್ಲಿ ಸಿಎನ್‌ಜಿ ಎಂದು ನಮೂದಾಗಿರಲೇಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು, ಆ ಸರ್ಟಿಫಿಕೇಟ್ ಕೇಳಿ. ಡಿಕ್ಕಿಯ ಜಾಗ ಹೆಚ್ಚುಕಡಿಮೆ ಪೂರ್ತಿ ಸಿಲಿಂಡರಿಗೇ ಹೋಗುತ್ತದೆ, ಊರಿಗೆ ಹೋಗುವಾಗ ಅಕ್ಕಿ ಮೂಟೆ ಇಡಲು ಜಾಗವಿಲ್ಲ ಎನ್ನುವುದು ನೆನಪಿರಲಿ. ಪಂಪ್‌ನಲ್ಲಿ ಸರತಿ ಸಾಲು ಇರುತ್ತದೆ, ಅದನ್ನೂ ನಿಮ್ಮ ಗಂಟೆಗಳ ಲೆಕ್ಕಕ್ಕೆ ಸೇರಿಸಿ.

ಡೀಸೆಲ್ ಕಾರು ಹೆದ್ದಾರಿಯಲ್ಲಿ ಓಡುವವರಿಗೆ ಒಳ್ಳೆಯದು. ಜಾಮ್‌ನಲ್ಲಿ ತೆವಳುವವರಿಗೆ ಅಷ್ಟಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳಲು ಆಗಾಗ ಸ್ವಲ್ಪ ಹೊತ್ತು ವೇಗವಾಗಿ ಓಡಬೇಕು. ಬರೀ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ಬದಲಾಯಿಸಲು ಹೋದರೆ ಕೈ ಸುಡುತ್ತದೆ.

ದೆಹಲಿಯ ಕೇಳುಗರು ಇನ್ನೊಂದು ವಿಷಯ ಗಮನಿಸಬೇಕು. ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳು ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷದ ಮಿತಿಯನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ಸದ್ಯಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಇಂಥ ವಿಷಯ ಇವತ್ತು ಒಂದು, ನಾಳೆ ಇನ್ನೊಂದು. ಕೊಳ್ಳುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ವಿಚಾರಿಸಿಯೇ ಹೆಜ್ಜೆ ಇಡಿ. ಉಳಿದ ನಗರಗಳವರು ದೆಹಲಿ ನಂಬರಿನ ಹಳೇ ಡೀಸೆಲ್ ಕಾರು ಅಗ್ಗಕ್ಕೆ ಬಂದರೆ ಯಾಕೆ ಅಗ್ಗ ಎಂದು ಕೇಳಿಕೊಳ್ಳಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಪಂಪ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುತ್ತದೆ. ತೀರ ಹಳೇ ಕಾರುಗಳು ಇದಕ್ಕೆಂದು ತಯಾರಾದವಲ್ಲ. ಮೈಲೇಜ್ ತುಸು ಇಳಿಯುತ್ತದೆ, ರಬ್ಬರ್ ಪೈಪುಗಳನ್ನು ಆಗಾಗ ನೋಡಿಕೊಳ್ಳಬೇಕಾಗುತ್ತದೆ. ಕಾರಿನ ಕೈಪಿಡಿಯಲ್ಲಿ ಎಷ್ಟು ಎಥೆನಾಲ್ ನಡೆಯುತ್ತದೆಂದು ಬರೆದಿರುತ್ತದೆ, ಒಮ್ಮೆ ಪುಟ ತಿರುವಿ.

ದುಡ್ಡು ಉಳಿಸುವುದೋ, ಕಾಲು ಉಳಿಸುವುದೋ?

ಈಗ ನಿಜವಾದ ಇಕ್ಕಟ್ಟಿಗೆ ಬರೋಣ. ಜಾಮ್‌ನಲ್ಲಿ ಕಾಲಿಗೆ ಸುಖ ಬೇಕೆಂದರೆ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರು ಬೇಕು. ದುಡ್ಡು ಉಳಿಯಬೇಕೆಂದರೆ ಸಿಎನ್‌ಜಿ ಬೇಕು. ಎರಡೂ ಒಂದೇ ಕಾರಿನಲ್ಲಿ ಸಿಗಬಾರದೇ? ನಮ್ಮ ದೇಶದಲ್ಲಿ ಮೊದಲ ಸಲ ಸಿಎನ್‌ಜಿ ಜೊತೆ ಎಎಂಟಿ ಗೇರ್ ಕೊಟ್ಟದ್ದು ಟಾಟಾದವರ ಟಿಯಾಗೋ ಮತ್ತು ಟಿಗೋರ್‌ನಲ್ಲಿ, ಅದೂ 2024ರಲ್ಲಿ. ಅಷ್ಟು ಹೊಸ ಕಾರು 4 ಲಕ್ಷದವರ ಕೈಗೆ ಎಟುಕುವುದು ಕಷ್ಟ. ಹಾಗಾಗಿ ಈ ಬಜೆಟ್‌ನಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕು.

ಆಟೋಮ್ಯಾಟಿಕ್‌ನಲ್ಲೂ ಬಗೆಗಳಿವೆ. ಅಗ್ಗದ್ದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ನಮ್ಮಲ್ಲಿ ಬಂತು. ಇದರಲ್ಲಿ ಮಾಮೂಲಿ ಕ್ಲಚ್ಚೇ ಇರುತ್ತದೆ, ಆದರೆ ಅದನ್ನು ಒತ್ತುವುದು ನಿಮ್ಮ ಕಾಲಲ್ಲ, ಒಂದು ಯಂತ್ರ. ಗೇರ್ ಬದಲಾಗುವಾಗ ತಲೆ ತುಸು ಮುಂದಕ್ಕೆ ಹೋಗಿ ಬರುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ಮೈಲೇಜ್ ಮಾತ್ರ ಗೇರ್ ಕಾರಿನ ಆಸುಪಾಸಿನಲ್ಲೇ ಇರುತ್ತದೆ. ಎರಡನೆಯದು ಸಿವಿಟಿ. ಹೋಂಡಾದ ಕೆಲವು ಕಾರುಗಳಲ್ಲಿ, ಹಳೇ ಬಲೆನೋದಲ್ಲಿ ಇದೆ. ಬೆಣ್ಣೆಯ ಹಾಗೆ ಓಡುತ್ತದೆ. ಆದರೆ ಅದರ ಆಯಿಲ್ ಕಾಲಕಾಲಕ್ಕೆ ಬದಲಾಯಿಸಿದ್ದಾರೆಯೇ ಎಂಬ ದಾಖಲೆ ಇಲ್ಲದಿದ್ದರೆ ಕೊಳ್ಳಬೇಡಿ, ಕೆಟ್ಟರೆ ದುಬಾರಿ.

ಎಎಂಟಿ ಪರೀಕ್ಷಿಸುವುದು ಹೀಗೆ. ನಿಂತಲ್ಲಿ ಡ್ರೈವ್‌ಗೆ ಹಾಕಿ, ರಿವರ್ಸ್‌ಗೆ ಹಾಕಿ. ತಡವಾಗಿ ಹಿಡಿದರೆ, ಧಡ್ ಎಂದು ಜಗ್ಗಿದರೆ ಅನುಮಾನಪಡಿ. ಫ್ಲೈಓವರ್‌ನ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ಸುಟ್ಟ ವಾಸನೆ ಬಂದರೆ ಕ್ಲಚ್ ತೇಯ್ದಿದೆ ಎಂದರ್ಥ.

ಬೆನ್ನು ಮೊಣಕಾಲು ಚೆನ್ನಾಗಿರುವ ಮೂವತ್ತರ ಹುಡುಗರಿಗೆ ನಾನು ಸಿಎನ್‌ಜಿ ಎನ್ನುತ್ತೇನೆ, ಕ್ಲಚ್ ಹಗುರವಾಗಿದ್ದರೆ ಸಾಕು. ಡಾಕ್ಟರು ಎಚ್ಚರಿಸಿದವರಿಗೆ ಆಟೋಮ್ಯಾಟಿಕ್. ಅವರು ತಮ್ಮ ದಿನಗಳನ್ನು ಇನ್ನೊಮ್ಮೆ ಎಣಿಸಲಿ. ನಮ್ಮ ಕೇಳುಗರನ್ನು ಫೋನಿನಲ್ಲಿ ಕೇಳಿದೆ, "ವಾರಕ್ಕೆ ಎಷ್ಟು ದಿನ ಆಫೀಸಿಗೆ ಹೋಗಲೇಬೇಕು ಸರ್?" ಕೇಳಿದರೆ ಎರಡು-ಮೂರು ದಿನ ಮನೆಯಿಂದಲೇ ಕೆಲಸಕ್ಕೆ ಒಪ್ಪಿಯಾರು ಎಂದರು. ತಿಂಗಳಿಗೆ 13 ದಿನವೆಂದರೆ 910 ಕಿ.ಮೀ. ಆಗ ಪೆಟ್ರೋಲಿನ ಹೆಚ್ಚುವರಿ ಖರ್ಚು 6,125ರಿಂದ 3,185ಕ್ಕೆ ಇಳಿಯಿತು. ಒಂದು ತಿಂಗಳ ಫಿಸಿಯೋಥೆರಪಿಗೆ ಹೋಲಿಸಿ ನೋಡಿ ಎಂದೆ. ಅವರು ನಕ್ಕರು, ಆದರೆ ಉತ್ತರ ಅವರಿಗೆ ಸಿಕ್ಕಿತ್ತು.

ಸುಖ ಎಲ್ಲಿದೆ?

ಸುಖ ಎಂದರೆ ದೊಡ್ಡ ಕಾರು ಎಂದುಕೊಳ್ಳುತ್ತೇವೆ. ಬೆನ್ನುನೋವಿರುವವರಿಗೆ ಎಷ್ಟೋ ಸಲ ವ್ಯಾಗನ್ ಆರ್‌ನಂಥ ಎತ್ತರದ ಸಣ್ಣ ಕಾರೇ ಮೇಲು. ಕುರ್ಚಿಯ ಮೇಲೆ ಕೂತ ಹಾಗೆ ನೆಟ್ಟಗೆ ಕೂರಬಹುದು, ಬಗ್ಗದೆ ಇಳಿಯಬಹುದು. ಸೀರೆ ಉಡುವವರಿಗೂ ಅನುಕೂಲ. ಸೆಡಾನ್ ಕಾರು ಹೆದ್ದಾರಿಯಲ್ಲಿ ತೇಲಿದ ಹಾಗೆ ಹೋಗುತ್ತದೆ ನಿಜ, ಆದರೆ ತಗ್ಗಿನಲ್ಲಿ ಕಾಲು ಚಾಚಿ ಕೂತು, ಇಳಿಯುವಾಗ ಬಾಗಿಲು ಹಿಡಿದು ಎದ್ದೇಳಬೇಕು.

ಸೀಟಿನಲ್ಲಿ ಕೂತು ಇಷ್ಟು ನೋಡಿ. ಕ್ಲಚ್ ಅಥವಾ ಬ್ರೇಕ್ ಪೂರ್ತಿ ಒತ್ತಿದಾಗ ಮೊಣಕಾಲು ಇನ್ನೂ ಸ್ವಲ್ಪ ಮಡಿಚಿರಬೇಕು. ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ಭಾಗದಲ್ಲಿ ಆರಾಮಾಗಿ ಕೂರಬೇಕು. ತೊಡೆಯ ಕೆಳಗೆ ಸೀಟಿನ ಆಸರೆ ಸಿಗಬೇಕು. ನನ್ನಂಥ ಗಿಡ್ಡ ದೇಹದವರು ಸೀಟು ಎತ್ತರಿಸುವ ಹಿಡಿಕೆ ಇದೆಯೇ ನೋಡಿ, ಎಷ್ಟೋ ಕಾರುಗಳ ಕೆಳಗಿನ ಮಾದರಿಗಳಲ್ಲಿ ಇರುವುದಿಲ್ಲ. ಸೀಟಿನ ಫೋಮ್ ಕುಸಿದಿದ್ದರೆ ಹೆದರಬೇಡಿ, ಸೀಟು ಹೊಲಿಯುವವರು ಕಡಿಮೆ ಖರ್ಚಿನಲ್ಲಿ ತುಂಬಿಕೊಡುತ್ತಾರೆ. ಸೀಟಿನ ಆಕಾರವೇ ನಿಮ್ಮ ಬೆನ್ನಿಗೆ ಹೊಂದದಿದ್ದರೆ ಮಾತ್ರ ಆ ಕಾರು ಬಿಡಿ.

ಚಕ್ರಗಳನ್ನೂ ನೋಡಿ. ದೊಡ್ಡ ಅಲಾಯ್ ಚಕ್ರಕ್ಕೆ ತೆಳು ಟೈರು ಹಾಕಿದ್ದರೆ ನೋಡಲು ಚಂದ, ಗುಂಡಿಯ ಪೆಟ್ಟು ಮಾತ್ರ ನೇರ ಬೆನ್ನಿಗೆ. ಟೈರಿನ ಗೋಡೆ ದಪ್ಪವಿದ್ದಷ್ಟೂ ಮೈಗೆ ಹಿತ.

ಏಸಿಯನ್ನು ಸಂಜೆ ಪರೀಕ್ಷಿಸಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ, ಏಸಿ ಹಾಕಿ ಕೂರಿ. ತಂಪು ಉಳಿಯಬೇಕು, ಎಂಜಿನ್ ಬಿಸಿಯ ಮುಳ್ಳು ಮೇಲೇರಬಾರದು. ನನ್ನ ಕೆಂಪು ಕಾರಿಗೆ ಇದೊಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಎರಡು ಕಿ.ಮೀ. ಓಡಿಸಿ ತೀರ್ಮಾನ ಮಾಡಬೇಡಿ. ಪೆಟ್ರೋಲ್ ನಾನೇ ಹಾಕಿಸುತ್ತೇನೆ ಎಂದು ಹೇಳಿ ಮುಕ್ಕಾಲು ಗಂಟೆ ಕೇಳಿ. ನೀವು ಆಫೀಸಿಗೆ ಹೋಗುವ ಹೊತ್ತಿನಲ್ಲಿ, ಅಂಥದೇ ರಸ್ತೆಯಲ್ಲಿ ಓಡಿಸಿ. ಇಳಿದ ಮೇಲೆ ಎಲ್ಲಿ ನೋಯುತ್ತಿದೆ ಎಂದು ನಿಮ್ಮ ಮೈಯನ್ನು ಕೇಳಿ. ಮುಕ್ಕಾಲು ಗಂಟೆಯಲ್ಲೇ ನೋಯುವ ಜಾಗ ಮೂರು ತಿಂಗಳಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತದೆ.

ಹಳೇ ದೊಡ್ಡ ಕಾರೋ, ಈಚಿನ ಸಣ್ಣ ಕಾರೋ?

ಒಂದೇ ದುಡ್ಡಿಗೆ ಹತ್ತು ವರ್ಷದ ದೊಡ್ಡ ಸೆಡಾನೂ ಸಿಗುತ್ತದೆ, ಆರು ವರ್ಷದ ಸಣ್ಣ ಕಾರೂ ಸಿಗುತ್ತದೆ. ಆಸೆ ಸೆಡಾನಿನ ಕಡೆ ಎಳೆಯುತ್ತದೆ. ಒಂದು ವಿಷಯ ನೆನಪಿಡಿ. ಹಳತಾದ ಹಾಗೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ದೊಡ್ಡ ಕಾರಿನ ಟೈರು, ಸಸ್ಪೆನ್ಷನ್, ಹೆಡ್‌ಲೈಟ್ ಎಲ್ಲಕ್ಕೂ ದೊಡ್ಡ ಕಾರಿನ ಬೆಲೆಯೇ. ವರ್ಷಕ್ಕೆ 21 ಸಾವಿರ ಕಿ.ಮೀ. ಓಡುವವರಿಗೆ ಈ ಖರ್ಚು ಬೇಗ ಬೇಗ ಬರುತ್ತದೆ.

ಸುರಕ್ಷತೆಯ ದೃಷ್ಟಿಯಿಂದಲೂ ಇಸವಿ ಮುಖ್ಯ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್, ಅದೇ ಜುಲೈನಿಂದ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನವರ ಏರ್‌ಬ್ಯಾಗ್ 2022ರ ಜನವರಿಯಿಂದ ಎಲ್ಲ ಮಾದರಿಗಳಿಗೂ ಬಂತು. ಅದಕ್ಕೂ ಹಿಂದಿನ ಕಾರಾದರೆ ಇವೆಲ್ಲ ಇವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಬೆಲೆ ಚೌಕಾಸಿಗೆ ಒಂದು ಸುಳಿವು. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಮಾರುವವರು "ಹೊಸತಾಗಿ ಕೊಂಡಾಗ ಇಷ್ಟು ಕೊಟ್ಟಿದ್ದೆ" ಎಂದು ಹಳೇ ಬಿಲ್ಲು ತೋರಿಸಿದರೆ, ಅದೇ ಮಾದರಿಯ ಇವತ್ತಿನ ಹೊಸ ಬೆಲೆ ಕೇಳಿಕೊಂಡು ಮಾತಿಗೆ ಕೂರಿ.

ಎತ್ತಿನ ಹಲ್ಲು ಎಣಿಸಿದ ಹಾಗೆ

ನಮ್ಮ ಗದಗಿನ ಕಡೆ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕಾರಿಗೂ ಅಷ್ಟೇ ಶ್ರದ್ಧೆ ಬೇಕು.

ಎಂಜಿನ್: ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಆರಿದ ಮೇಲೆ ಮತ್ತೆ ಬರುತ್ತೇನೆ ಎನ್ನಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೇರುತ್ತಿರಬಹುದು.

ಕ್ಲಚ್: ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೆ ಆಕ್ಸಿಲರೇಟರ್ ಒತ್ತಿ. ಎಂಜಿನ್ ಮಾತ್ರ ಅರಚಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ.

ಓಡಿದ ದೂರ: ಮೀಟರಿನಲ್ಲಿ 35 ಸಾವಿರ ಇದ್ದು, ಪೆಡಲಿನ ರಬ್ಬರ್ ಸವೆದು ಸ್ಟೀರಿಂಗ್ ನುಣುಪಾಗಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. ಸರ್ವಿಸ್ ದಾಖಲೆಯಲ್ಲಿನ ಅಂಕಿಗಳ ಜೊತೆ ತಾಳೆ ನೋಡಿ.

ಟೈರು: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟೈರಿಗೆ ಹೂವು ಉಳಿದಿದ್ದರೂ ಬದಲಾಯಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ.

ನೆರೆ ನೀರು: ಇದನ್ನು ನಮ್ಮ ನಗರಗಳವರು ಮರೆಯಲೇಬಾರದು. 2005ರ ಜುಲೈ 26ರ ಮುಂಬಯಿ, 2015ರ ಡಿಸೆಂಬರಿನ ಚೆನ್ನೈ, 2020ರ ಅಕ್ಟೋಬರಿನ ಹೈದರಾಬಾದು, 2023ರ ಡಿಸೆಂಬರಿನಲ್ಲಿ ಮತ್ತೆ ಚೆನ್ನೈ. ಹೀಗೆ ಮುಳುಗಿದ ಕಾರುಗಳು ತೊಳೆದು ಒಣಗಿ ಎಲ್ಲೋ ಒಂದು ಕಡೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳಿಗೆ, ಸ್ಟೆಪ್ನಿ ಇಡುವ ಗುಂಡಿಗೆ ತುಕ್ಕು ಹಿಡಿದಿದೆಯೇ ನೋಡಿ. ಕಿಟಕಿ ಮುಚ್ಚಿಕೊಂಡು ಕೂತು ಮೂಸಿ. ಮುಗ್ಗಲು ವಾಸನೆಗೆ ಅತ್ತರು ಹೊಡೆದಿದ್ದರೆ ಇನ್ನೂ ಅನುಮಾನ!

ಇಷ್ಟಾದ ಮೇಲೂ ನಿಮ್ಮದೇ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ. ಅವರಿಗೆ ಕೊಡುವ ಸಾವಿರ-ಎರಡು ಸಾವಿರ ನಿಮ್ಮ ಲಕ್ಷಗಳ ಕಾವಲು.

ಕಾಗದಪತ್ರ

ಕಾರು ಚೆನ್ನಾಗಿದ್ದು ಕಾಗದ ಕೆಟ್ಟಿದ್ದರೆ ಕಾರೂ ಕೆಟ್ಟ ಹಾಗೆಯೇ. ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಂದಣಿ, ವಿಮೆ ಎಲ್ಲ ನೋಡಿ. ಬಾಕಿ ದಂಡಗಳನ್ನು ಇ-ಚಲನ್ ಜಾಲತಾಣದಲ್ಲಿ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಆ ಕಾರು ಇನ್ನೂ ಸಾಲದಲ್ಲಿದೆ ಎಂದು ಅರ್ಥ. "ಸಾಲ ತೀರಿಸಿದ್ದೇವೆ, ಹೆಸರು ತೆಗೆಸಿಲ್ಲ ಅಷ್ಟೇ" ಎನ್ನುತ್ತಾರೆ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಅವರಿಗೇ ಸೇರಿದ್ದು, ನಿಮಗೆ ಬರುವುದಿಲ್ಲ. ಆದ್ದರಿಂದ ಮುಂದಿನ ವಿಮೆ ಸ್ವಲ್ಪ ಹೆಚ್ಚೇ ಆಗುತ್ತದೆ ಎಂದು ಲೆಕ್ಕದಲ್ಲಿಡಿ.

ಹೊರನಾಡ ಕನ್ನಡಿಗರು ಸಾಮಾನ್ಯವಾಗಿ ಬೀಳುವ ಒಂದು ಹಳ್ಳವಿದೆ. "ಊರಲ್ಲಿ ಮಾವನ ಕಾರಿದೆ, ಸುಮ್ಮನೆ ನಿಂತಿದೆ, ಅಗ್ಗಕ್ಕೆ ಕೊಡ್ತಾರಂತೆ." ಕೆಎ ನಂಬರಿನ ಕಾರನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಊರಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲನ್ನು ಅರ್ಜಿ ಹಾಕಿ ವಾಪಸು ಪಡೆಯಬೇಕು. ಈ ತೆರಿಗೆ ಎಷ್ಟೆಂದು ಮೊದಲೇ ವಿಚಾರಿಸಿ ಬೆಲೆಗೆ ಸೇರಿಸಿ ನೋಡಿ. ಆಗಲೂ ಅಗ್ಗವೆನಿಸಿದರೆ ಮಾವನ ಕಾರು ತನ್ನಿ, ಅದರ ಇತಿಹಾಸವಾದರೂ ಗೊತ್ತಿರುತ್ತದೆ!

ಕೊನೆಯ ಮಾತು: ಕೈಯಲ್ಲಿರುವ ಹಣವೆಲ್ಲ ಕಾರಿಗೇ ಸುರಿಯಬೇಡಿ. 4 ಲಕ್ಷ ಇದ್ದರೆ ಮೂರೂವರೆಯ ಆಸುಪಾಸಿನ ಕಾರು ನೋಡಿ. ಉಳಿದದ್ದು ಟೈರು, ಬ್ಯಾಟರಿ, ಆಯಿಲ್, ವಿಮೆ, ವರ್ಗಾವಣೆಗೆ ಬೇಕೇ ಬೇಕು.

ಡೊಂಬಿವಿಲಿಯವರು ಏನು ಮಾಡಿದರು?

ಅವರಿಗೆ ಮೊದಲು ಸಿಕ್ಕ ಕಾರು ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ. ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕೊನೆಯ ಗೇಣಿನಲ್ಲಿ ಕೆಸರು ಕಂಡಿತು, ಬಿಟ್ಟರು. ಎರಡನೆಯದರ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿತ್ತು, ಎನ್‌ಒಸಿ ಕೇಳಿದ ಮೇಲೆ ಮಾರುವವರು ಫೋನ್ ಎತ್ತಲಿಲ್ಲ. ಅವರ ಮನೆಯವರು "ಹೀಗೇ ನೋಡ್ತಾ ಕೂತರೆ ಮಳೆಗಾಲ ಬಂದುಬಿಡುತ್ತೆ" ಎಂದು ಬೇಸರಪಟ್ಟರಂತೆ. ಐದು ವಾರ ಹುಡುಕಿದ ಮೇಲೆ ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಸರ್ವಿಸ್ ದಾಖಲೆ ಪೂರ್ತಿ ಇರುವ, 2019ರ ಕೊನೆಯಲ್ಲಿ ತಯಾರಾದ ಎಎಂಟಿ ವ್ಯಾಗನ್ ಆರ್ ಸಿಕ್ಕಿತು. ಬೆಲೆ 3 ಲಕ್ಷ 55 ಸಾವಿರ. ಉಳಿದ 45 ಸಾವಿರದಲ್ಲಿ ಎರಡು ಟೈರು, ಬ್ಯಾಟರಿ, ಆಯಿಲ್, ಡ್ರೈವರ್ ಸೀಟಿಗೆ ಹೊಸ ಫೋಮ್, ಹೆಸರು ವರ್ಗಾವಣೆ, ವಿಮೆ ಎಲ್ಲ ಆಗಿ ಆರು ಸಾವಿರ ಮಿಕ್ಕಿತಂತೆ. ಬಣ್ಣ ಮಾತ್ರ ಅವರ ಮಗಳಿಗೆ ಹಿಡಿಸಿಲ್ಲ, ಬೂದಿ ಬಣ್ಣ.

ಕೆಂಪು ಕಾರು ಮಾರಿದ ದಿನ ನಾನು ಊರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಅತ್ತಿದ್ದೆ. ಅಪ್ಪ ಬೈಯಲಿಲ್ಲ. "ಎತ್ತಿನ ಬಣ್ಣಾ ನೋಡಿ ತಗೋಬಾರ್ದವಾ, ನೊಗಾ ಹೂಡಿ ನೋಡಬೇಕು. ಮುಂದಿನ ಸಲ ನೆಪ್ಪಿಟ್ಕೋ" ಅಂದರು. ಅಪ್ಪ ಜೀವಮಾನದಲ್ಲಿ ಕಾರು ಓಡಿಸಿದವರಲ್ಲ.

ಮುಂದಿನ ಸಲ ನಾನು ನೆನಪಿಟ್ಟುಕೊಂಡೆ. ಈಗ ನೀವೂ ನೆನಪಿಟ್ಟುಕೊಳ್ಳಿ. ಒಳ್ಳೆಯ ಕಾರು ಸಿಗಲಿ, ದಾರಿ ಸುಗಮವಾಗಲಿ. ಜಾಮ್‌ನಲ್ಲಿ ಸಿಕ್ಕಿಕೊಂಡಾಗ ರೇಡಿಯೋ ಹಾಕಿ, ನಾನು ಇರುತ್ತೇನೆ.